ಅಕ್ಕನ ಪಟ್ಟಿಯ ಹದಿನೇಳನೆಯ ಪ್ರಬಂಧ

ನಿವೃತ್ತಿಗೆ ಎಂಟು ತಿಂಗಳು ಉಳಿದಿದ್ದಾಗ ಅಕ್ಕನ ಸಂಸ್ಥೆ ಅವಳಿಂದ ಒಂದು ಪಟ್ಟಿ ಕೇಳಿತು. ಅಹಮದಾಬಾದಿನ ಆ ಸಂಸ್ಥೆಯಲ್ಲಿ ಅವಳು ಮೂರು ದಶಕ ಬಾಯಿಯ ಕ್ಯಾನ್ಸರಿನ ಮೇಲೆ ಕೆಲಸ ಮಾಡಿದ್ದಳು. ಗೆಡ್ಡೆ ಕಣ್ಣಿಗೆ ಬೀಳುವುದಕ್ಕೆ ವರ್ಷಗಳ ಮೊದಲೇ ಜೀವಕೋಶದೊಳಗೆ ಏನು ಬದಲಾಗುತ್ತದೆ ಎಂಬುದು ಅವಳ ಜೀವಮಾನದ ಪ್ರಶ್ನೆ. ಪ್ರಕಟಿಸಿದ ಪ್ರಬಂಧಗಳೆಷ್ಟು, ಅವು ಎಲ್ಲಿ ಬಂದವು, ಬೇರೆಯವರು ಒಂದೊಂದನ್ನೂ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದನ್ನೆಲ್ಲ ಕ್ರಮವಾಗಿ ಬರೆದುಕೊಡಬೇಕಿತ್ತು. ಅದನ್ನು ನೋಡಿ ಒಂದು ಸಮಿತಿ ತೀರ್ಮಾನಿಸುವುದಿತ್ತು: ಗೌರವ ವಿಜ್ಞಾನಿಯಾಗಿ ಅವಳು ಇನ್ನೂ ಐದು ವರ್ಷ ತನ್ನ ಪ್ರಯೋಗಾಲಯದ ಕೋಣೆಯನ್ನು ಇಟ್ಟುಕೊಳ್ಳಬಹುದೇ, ಅಥವಾ ಬೀಗದ ಕೈ ಒಪ್ಪಿಸಿ ಮನೆಗೆ ಹೋಗಬೇಕೇ ಎಂದು. ಅಕ್ಕನಿಗೆ ಗಂಡ ಮಕ್ಕಳಿಲ್ಲ. ಆ ಕೋಣೆ ಇತ್ತು.

ಪಟ್ಟಿಯನ್ನು ನಾವಿಬ್ಬರೂ ವಸ್ತ್ರಾಪುರದ ಅವಳ ಫ್ಲ್ಯಾಟಿನ ಊಟದ ಮೇಜಿನ ಮೇಲೆ, ಭಾನುವಾರಗಳಂದು ಕುಳಿತು ತಯಾರಿಸಿದೆವು. ನಾನು ಊರಂಚಿನ ಬೋಪಾಲ್ ಬಡಾವಣೆಯಿಂದ ಸ್ಕೂಟರಿನಲ್ಲಿ ಬರುತ್ತಿದ್ದೆ. ವಟ್ವಾದ ಬಣ್ಣದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಆರೋಗ್ಯದ ಹಕ್ಕಿಗಾಗಿ ನಡೆಯುವ ಒಂದು ಸಣ್ಣ ಸಂಘಟನೆಯಲ್ಲಿ ನಾನಿದ್ದೇನೆ. ಅಕ್ಕನ ವಿಜ್ಞಾನ ನನಗೆ ಅರ್ಧ ಮಾತ್ರ ಅರ್ಥವಾಗುತ್ತದೆ. ಆದರೆ ಮನವಿ, ದೂರು, ಆಕ್ಷೇಪಣೆಗಳನ್ನು ಬರೆದು ಬರೆದು ಯಾವ ಕಾಗದವನ್ನೂ ಒಪ್ಪವಾಗಿ ಜೋಡಿಸುವ ಅಭ್ಯಾಸವಾಗಿದೆ.

ಜೋಡಿಸುತ್ತಾ ಹೋದಂತೆ ನನಗೆ ಸಿಟ್ಟು ಏರುತ್ತಿತ್ತು. ಅಕ್ಕನ ಮೊದಲ ಹತ್ತು ವರ್ಷಗಳ ಪ್ರತಿಯೊಂದು ಪ್ರಬಂಧದ ಕೊನೆಯಲ್ಲೂ ಆಗಿನ ನಿರ್ದೇಶಕರ ಹೆಸರಿತ್ತು. ಆ ಮಹನೀಯರು ಅವಳ ಪ್ರಯೋಗಾಲಯದ ಹೊಸ್ತಿಲು ದಾಟಿದ್ದು ರಿಬ್ಬನ್ ಕತ್ತರಿಸಿದ ದಿನ ಮಾತ್ರ. ಸೂಕ್ಷ್ಮದರ್ಶಕದಡಿ ಇಡುವ ಗಾಜಿನ ಪಟ್ಟಿಗಳನ್ನು ಇಪ್ಪತ್ತು ವರ್ಷ ತಯಾರಿಸಿಕೊಟ್ಟ ಸಹಾಯಕಿಯ ಹೆಸರು ಒಂದರಲ್ಲೂ ಇರಲಿಲ್ಲ. ಯಾರ ಕೆನ್ನೆಯ ಜೀವಕೋಶಗಳಿಂದ ಈ ವಿದ್ಯೆಯೆಲ್ಲ ಬಂತೋ ಆ ಹೆಂಗಸರು ಬರಿಯ ಅಂಕಿಗಳಾಗಿದ್ದರು. ಅವರ ಬಗ್ಗೆ ಬರೆದದ್ದನ್ನು ಓದಬೇಕೆಂದರೆ ಹಣ ಕಟ್ಟಬೇಕು, ಅದೂ ಅವರಿಗೆ ಬಾರದ ಭಾಷೆಯಲ್ಲಿ. ನಾನು ಇವನ್ನೆಲ್ಲ ಒಂದೊಂದಾಗಿ ಹೇಳುತ್ತಾ ಹೋದರೆ ಅಕ್ಕ ಕನ್ನಡಕವನ್ನು ಹಣೆಗೇರಿಸಿ ನಗುತ್ತಿದ್ದಳು.

“ಸಾಕು ಮಾರಾಯ್ತಿ. ಮೊದಲು ಪುಟಸಂಖ್ಯೆ ಸರಿ ಉಂಟಾ ನೋಡು. ಕ್ರಾಂತಿ ಊಟ ಆದ ಮೇಲೆ.”

ಪಟ್ಟಿಯಲ್ಲಿ ಹದಿನೇಳನೆಯದು ಅತಿ ಹೆಚ್ಚು ಉಲ್ಲೇಖಗೊಂಡ ಪ್ರಬಂಧ. ನಾವದನ್ನು ಹದಿನೇಳು ಎಂದೇ ಕರೆಯುತ್ತಿದ್ದೆವು, ಮನೆಯ ಮಗುವನ್ನು ಕರೆದಂತೆ. ಕ್ಯಾನ್ಸರನ್ನು ತಡೆಯುವ ಒಂದು ವಂಶವಾಹಿಯ ಮೇಲೆ ಸಣ್ಣದೊಂದು ರಾಸಾಯನಿಕ ಗುರುತು ಬಂದು ಕೂರುತ್ತದೆ. ಕೂತರೆ ಆ ವಂಶವಾಹಿ ಕೆಲಸ ನಿಲ್ಲಿಸುತ್ತದೆ. ಇದು ತಂಬಾಕು ಜಗಿಯುವವರಲ್ಲಿ ಆಗುತ್ತದೆಂದು ಅಲ್ಲಿಯವರೆಗೆ ತಿಳಿದಿತ್ತು. ತಂಬಾಕನ್ನೇ ಮುಟ್ಟದ ಸೂರತ್‌ನ ಹೆಂಗಸರ ಬಾಯಿಯಲ್ಲೂ ಅದೇ ಗುರುತು ಇದೆ ಎಂದು ಅಕ್ಕ ತೋರಿಸಿದ್ದಳು. ಹಾಗಾದರೆ ಬೇರೆ ಕಾರಣ ಯಾವುದು ಎಂದು ಹುಡುಕುತ್ತಾ ಎಷ್ಟೋ ದೇಶಗಳಲ್ಲಿ ಎಷ್ಟೋ ಜನ ಹೊಸ ದಾರಿ ಹಿಡಿದರು. ಅವಳ ಹೆಸರು ಕೇಳಿದರೆ ಆ ಕ್ಷೇತ್ರದವರಿಗೆ ಮೊದಲು ನೆನಪಾಗುವುದು ಹದಿನೇಳು. ಸಮಿತಿಯೂ ಮೊದಲು ನೋಡುವುದು ಅದನ್ನೇ.

ಆ ಸೂರತ್‌ನ ಹೆಂಗಸರನ್ನು ಮಾತನಾಡಿಸಿ ಪ್ರಶ್ನಾವಳಿ ತುಂಬಿದವಳು ನಾನು.

ಉಡುಪಿಯ ಕಡೆಯಿಂದ ಬಂದ ನಮ್ಮ ಅಪ್ಪ ವಡೋದರಾದಲ್ಲಿ ಹೋಟೆಲು ನಡೆಸುತ್ತಿದ್ದರು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಹೋಟೆಲಿನ ಹಿಂದಿನ ಓಣಿಯ ಸಾಧಾರಣ ಶಾಲೆಯಲ್ಲಿ ಬಾಯಿಪಾಠ ಮಾಡಿ ಓದಿದಳು. ನನ್ನ ಸರದಿ ಬಂದಾಗ ಅವಳೇ ಅಪ್ಪನೊಡನೆ ವಾದಿಸಿ ನನ್ನನ್ನು ಬೇರೊಂದು ಶಾಲೆಗೆ ಸೇರಿಸಿದಳು. ಅಲ್ಲಿ ಪರೀಕ್ಷೆಗಳಿರಲಿಲ್ಲ, ಬೆತ್ತವಿರಲಿಲ್ಲ. ಮೇಷ್ಟ್ರೂ ಮಕ್ಕಳೂ ಒಂದೇ ಚಾಪೆಯ ಮೇಲೆ ಕೂರುತ್ತಿದ್ದೆವು. ಕಂಡ ಅನ್ಯಾಯವನ್ನು ಅದರ ಹೆಸರು ಹಿಡಿದು ಕರೆಯಬೇಕೆಂದು ಅಲ್ಲಿ ಕಲಿತೆ. ಆ ಪಾಠಕ್ಕೆ ನಾನು ಇಂದಿಗೂ ಋಣಿ. ಆದರೆ ಹೆಸರಿಡುವ ಮುನ್ನ ಎಷ್ಟು ಹೊತ್ತು ನೋಡಬೇಕು ಎಂಬುದು ಆ ಚಾಪೆಯ ಮೇಲೆ ನನಗೆ ಸಿಗಲಿಲ್ಲ.

ಸೂರತ್‌ಗೆ ಕಳಿಸುವ ಮೊದಲು ಅಕ್ಕ ನನಗೆ ಕೆನ್ನೆ ಕೆರೆಯುವುದನ್ನು ಕಲಿಸಿದಳು. ಐಸ್‌ಕ್ರೀಮಿನ ಕಡ್ಡಿಯಂಥ ಮರದ ಪಟ್ಟಿಯಿಂದ ಕೆನ್ನೆಯ ಒಳಭಾಗವನ್ನು ಹಗುರವಾಗಿ ಸವರಿದರೆ ಸಾಕಷ್ಟು ಜೀವಕೋಶಗಳು ಬರುತ್ತವೆ. ಮೊದಲು ನನ್ನ ಕೆನ್ನೆಯಲ್ಲಿ ತೋರಿಸಿದಳು, ಆಮೇಲೆ ನಾನು ಅವಳ ಕೆನ್ನೆಯಲ್ಲಿ ಅಭ್ಯಾಸ ಮಾಡಿದೆ. “ನೋವಾದ್ರೆ ನಾನು ಹೇಳ್ತೇನೆ. ಅವರು ಹೇಳುವುದಿಲ್ಲ, ನೆನಪಿಡು,” ಎಂದಳು. ವಡೋದರಾಕ್ಕೆ ಹೋದಾಗ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದ ಅಪ್ಪನೂ ಬಾಯಿ ತೆರೆಯಬೇಕಾಯಿತು. ಮಸಾಲೆದೋಸೆಗೆ ಕಾದಿದ್ದ ಗಿರಾಕಿಗಳು ನೋಡುತ್ತಲೇ ಇದ್ದರು. “ಮಗಳು ಡಾಕ್ಟ್ರಾದದ್ದು ಅಪ್ಪನ ಬಾಯಿ ಮುಚ್ಚಿಸ್ಲಿಕ್ಕೆ ಅಂದ್ಕೊಂಡಿದ್ದೆ, ಇವಳು ತೆಗೆಸ್ತಾಳೆ,” ಎಂದರು ಅಪ್ಪ.

ಸೂರತ್‌ನ ಆ ಗಲ್ಲಿಯಲ್ಲಿ ಹೆಂಗಸರು ಮನೆಯೊಳಗೇ ಕುಳಿತು ಸೀರೆಗಳ ಮೇಲೆ ಅಂಟಿನಿಂದ ಹರಳು ಕೂರಿಸುತ್ತಿದ್ದರು. ಕಿಟಕಿಯಿಲ್ಲದ ಕೋಣೆಗಳು, ಅಂಟಿನ ವಾಸನೆ ಗೋಡೆಗೇ ಹತ್ತಿತ್ತು. ನಾನು ಮೂರು ತಿಂಗಳು ದಿನವೂ ಹೋದೆ. ಪ್ರಶ್ನಾವಳಿಯಲ್ಲಿ ತಂಬಾಕಿನ ಬಗ್ಗೆ ಮೂರು ಪ್ರಶ್ನೆಗಳಿದ್ದವು: ಜಗಿಯುತ್ತೀರಾ, ಬೀಡಿ ಸೇದುತ್ತೀರಾ, ಮೂಗಿಗೆ ನಶ್ಯ ಏರಿಸುತ್ತೀರಾ. ಪ್ರಶ್ನೆಗಳನ್ನು ಬರೆದದ್ದು ಅಕ್ಕ, ಸಹೋದ್ಯೋಗಿಯೊಬ್ಬರು ಗುಜರಾತಿ ಭಾಷೆಗೆ ಅನುವಾದಿಸಿದರು, ಕೇಳಿದ್ದು ನಾನು. ನಾವಿಬ್ಬರೂ ಕರಾವಳಿಯವರ ಮಕ್ಕಳು. ನಮ್ಮ ಅಜ್ಜಿ ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುತ್ತಿದ್ದರು, ಅವರ ತುಟಿ ಸದಾ ಕೆಂಪು. ಅಜ್ಜ ನಶ್ಯ ಏರಿಸುತ್ತಿದ್ದರು, ಅವರ ಪಂಚೆಯ ಅಂಚು ಸದಾ ಕಂದು. ತಂಬಾಕೆಂದರೆ ನಮಗೆ ಈ ಎರಡು ಬಣ್ಣ. ಹೆಂಗಸರು ಮೂರು ಪ್ರಶ್ನೆಗೂ ಇಲ್ಲವೆಂದರು. ನಾನು ಅವರ ತುಟಿ ನೋಡಿದೆ, ಕೆಂಪಿರಲಿಲ್ಲ. ಮೂರೂ ಕಡೆ ಇಲ್ಲವೆಂದು ಗುರುತು ಹಾಕಿದೆ.

ಗಲ್ಲಿಯ ಕೊನೆಯ ಮನೆಯಲ್ಲಿ ಒಬ್ಬಾಕೆಯಿದ್ದಳು. ನಾನವಳನ್ನು ಮಾಸಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಒಂದು ಬೆಳಿಗ್ಗೆ ತಿಂಡಿಯಿಲ್ಲದೆ ಬಂದಿದ್ದೆ, ಬಾಯಿ ಕೆಟ್ಟಂತಿದೆ ಎಂದೆ. ಮಾಸಿ ನೀರಿನ ಹಂಡೆಯ ಪಕ್ಕದ ಗೂಡಿನಿಂದ ತಗಡಿನ ಡಬ್ಬಿ ತೆಗೆದು ಕಂದು ಪುಡಿಯನ್ನು ನನ್ನ ಬೆರಳಿಗೆ ಹಾಕಿದಳು. ಹಲ್ಲುಜ್ಜುವ ಪುಡಿಯಂತೆ. ಆ ಗಲ್ಲಿಯ ಎಲ್ಲ ಮನೆಗಳ ಗೂಡಿನಲ್ಲೂ ಅಂಥ ಡಬ್ಬಿಯಿತ್ತು. ನಮ್ಮೂರಿನಲ್ಲಿ ಇದ್ದಿಲು ಮತ್ತು ಉಪ್ಪು ಅರೆದು ಇಡುತ್ತಿದ್ದರಲ್ಲ, ಅಂಥದೇ ಎಂದುಕೊಂಡಿದ್ದೆ. ಅವಳ ಪ್ರೀತಿಗೆ ಒಲ್ಲೆನೆನ್ನಲಾರದೆ ಒಸಡಿಗೆ ಉಜ್ಜಿಕೊಂಡೆ. ಐದು ನಿಮಿಷದಲ್ಲಿ ಬೆವರಿತು, ಗೋಡೆ ತಿರುಗಿತು, ಬಾಗಿಲಲ್ಲಿ ಕುಳಿತು ವಾಂತಿ ಮಾಡಿದೆ. ಮಾಸಿ ಬೆನ್ನು ಸವರಿ ನೀರು ಕೊಟ್ಟಳು.

ಆ ದಿನದ ಟಿಪ್ಪಣಿ ನನ್ನದೇ ಅಕ್ಷರದಲ್ಲಿ ಇನ್ನೂ ಇದೆ: ತಿಂಡಿ ತಿಂದಿರಲಿಲ್ಲ, ಅಂಟಿನ ವಾಸನೆ ಅಸಹನೀಯ, ಕ್ಷಣದಲ್ಲಿ ತಲೆ ಸುತ್ತಿ ವಾಂತಿಯಾಯಿತು, ಇವರು ದಿನವಿಡೀ ಇದನ್ನೇ ಉಸಿರಾಡುತ್ತಾರೆ. ಅನ್ಯಾಯ ನನ್ನ ಕಣ್ಣಮುಂದಿತ್ತು, ಅದಕ್ಕೆ ಹೆಸರು ಸಿಕ್ಕಿತ್ತು. ಪ್ರಬಂಧದ ಕೊನೆಯಲ್ಲಿ, ಗುರುತಿಗೆ ಅಂಟಿನ ಆವಿಯೂ ಕಾರಣವಿರಬಹುದೆಂಬ ವಾಕ್ಯ ಸೇರಿತು. ಆ ವಾಕ್ಯವನ್ನು ಹಿಡಿದು ನಾನು ಎರಡು ದಶಕ ಮನವಿಗಳನ್ನು ಬರೆದೆ.

ಕಳೆದ ಚಳಿಗಾಲ ವಟ್ವಾದ ಕೆಲವು ಹೆಂಗಸರು ಸಭೆಗೆಂದು ಬೋಪಾಲ್‌ನ ನನ್ನ ಮನೆಗೆ ಬಂದಿದ್ದರು. ಅವರಿಗೆಲ್ಲ ನಾನು ಬೆನ್, ಸೋದರಿ. ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಕುಳಿತಿದ್ದೆವು. ನನಗೆ ದವಡೆಹಲ್ಲಿನ ನೋವು. ಅವರಲ್ಲೊಬ್ಬಳು ಸೆರಗಿನ ಗಂಟಿನಿಂದ ಡಬ್ಬಿ ಬಿಚ್ಚಿ, “ಬಾಯಿ ತೆಗೀರಿ ಬೆನ್. ಎಲ್ಲರಿಗೂ ಬುದ್ಧಿ ಹೇಳೋ ಬಾಯಿ, ಎರಡು ನಿಮಿಷ ಸುಮ್ಮನಿರಲಿ,” ಎಂದು ತಾನೇ ಒಸಡಿಗೆ ಉಜ್ಜಿದಳು. ಉಳಿದವರು ನಕ್ಕರು. ಐದು ನಿಮಿಷ. ಬೆವರು. ಎದುರಿನ ಕಟ್ಟಡಗಳು ತಿರುಗಿದವು. ಬಾಲ್ಕನಿಯ ತುಂಬ ಗಾಳಿಯಿತ್ತು. ಅಂಟು ಎಲ್ಲೂ ಇರಲಿಲ್ಲ.

“ಇದೇನು?” ಎಂದೆ.

“ಬಜರ್. ಹಲ್ಲಿಗೆ. ಮೊದಲ ಸಲ ಎಲ್ಲರಿಗೂ ಹೀಗೇ. ಆಮೇಲೆ ಬಿಟ್ಟರೆ ತಲೆನೋವು.”

“ತಂಬಾಕಾ?”

“ಛೆ ಛೆ! ತಂಬಾಕು ಗಂಡಸರ ಚಟ. ಇದು ಹಲ್ಲಿಗೆ ಅಂದೆನಲ್ಲ.”

ಡಬ್ಬಿಯನ್ನು ಇಸಿದುಕೊಂಡು ತಿರುಗಿಸಿದೆ. ತಳದಲ್ಲಿ, ಎಳ್ಳಿನ ಕಾಳಿನಷ್ಟು ಸಣ್ಣ ಗುಜರಾತಿ ಅಕ್ಷರಗಳಲ್ಲಿ, ತಂಬಾಕು ಎಂದಿತ್ತು. ಅಷ್ಟು ಸಣ್ಣದಾಗಿ ಅಚ್ಚು ಹಾಕಿದವರ ಮೇಲೆ ಸಿಟ್ಟು ಬಂತು. ಮರುಕ್ಷಣ ಮಾಸಿಯ ಗೂಡು ನೆನಪಾಯಿತು. ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಎರಡು ಭಾನುವಾರ ಅಕ್ಕನೆದುರು ಕುಳಿತೂ ಹೇಳಲಿಲ್ಲ. ಮೂರನೆಯ ಭಾನುವಾರ ಅವಳ ಹಳೆಯ ವಿದ್ಯಾರ್ಥಿನಿಯ ಫೋನು ಬಂತು. ಈಗ ವಡೋದರಾದಲ್ಲಿ ಪ್ರಾಧ್ಯಾಪಕಿ, ಸ್ವಂತ ಪ್ರಯೋಗಾಲಯವಿರುವವಳು. ಹೊಸ ತಂಡಕ್ಕೆ ಮೊದಲ ಪಾಠವಾಗಿ ಈ ಸಲವೂ ಮೇಡಮ್ಮನ ಹದಿನೇಳನ್ನೇ ಓದಿಸಿದೆ ಎಂದಳು. ಅಕ್ಕ ಫೋನಿಟ್ಟು, ಹಸಿ ತೊಗರಿಯ ಕಾಯಿ ಬಿಡಿಸುತ್ತಾ ಮೆಲ್ಲಗೆ ಏನೋ ಗುನುಗತೊಡಗಿದಳು. ಅವಳು ಗುನುಗುವುದನ್ನು ನಾನು ಕೇಳುವುದು ಅಪರೂಪ.

“ಅಕ್ಕ, ಹದಿನೇಳರಲ್ಲಿ ತಪ್ಪುಂಟು.”

“ಎಲ್ಲಿ? ವರ್ಷವಾ?”

“ಪಟ್ಟಿಯಲ್ಲಿ ಅಲ್ಲ. ಪೇಪರಿನಲ್ಲಿ. ನಾನು ಮಾಡಿದ್ದು.”

ಎಲ್ಲ ಹೇಳಿದೆ. ಅವಳ ಬೆರಳು ಒಮ್ಮೆ ನಿಂತಿತು, ಮತ್ತೆ ಕಾಯಿ ಬಿಡಿಸಿತು.

“ಮೊನ್ನೆ ಎಷ್ಟು ನಿಮಿಷಕ್ಕೆ ತಲೆ ತಿರುಗಿದ್ದು?”

“ಐದು.”

“ಸೂರತ್‌ನಲ್ಲಿ?”

“ಅಷ್ಟೇ.”

“ನೀನು ಅವತ್ತು ತಿಂಡಿ ತಿಂದಿರ್ಲಿಲ್ಲ.”

“ಎಂತ ನೆನಪು ನಿಂಗೆ!”

“ಹದಿನೇಳರ ಟಿಪ್ಪಣಿ ಮಾರಾಯ್ತಿ. ಎಲ್ಲ ಬಾಯಿಪಾಠ.” ಸಿಪ್ಪೆಗಳನ್ನು ಒಂದೆಡೆಗೆ ಸರಿಸಿ, “ಮೂರು ಪ್ರಶ್ನೆ ಬರೆದದ್ದು ನಾನು. ನಾಲ್ಕನೆಯದು ನಂಗೇ ಹೊಳೆಯಲಿಲ್ಲ. ಸೂರತ್‌ಗೆ ನಾನೂ ಒಂದು ಸಲ ಬಂದಿದ್ದೆ, ಆ ಗೂಡು ನಾನೂ ನೋಡಿದ್ದೆ. ಎಲ್ಲ ನಿನ್ನ ತಲೆಗೇ ಕಟ್ಟಿಕೊಳ್ಳಬೇಡ,” ಎಂದಳು.

ಆಗ ನಾನು ಹೇಳಿದ ಮಾತನ್ನು ಇಲ್ಲಿ ಬರೆಯದೆ ಬಿಡುವಂತಿಲ್ಲ. ಬೇರೆಯವರ ಮೌನಗಳ ವಿರುದ್ಧ ಬದುಕಿಡೀ ಕೂಗಿದವಳು ನಾನು. “ಅಕ್ಕ, ಸಮಿತಿ ಕೂರುವುದು ಇನ್ನು ಎರಡು ತಿಂಗಳಿಗೆ. ಕೋಣೆಯ ವಿಷಯ ಆಗಿಹೋಗಲಿ. ಆಮೇಲೆ ಬರೆಯುವ,” ಎಂದೆ.

ಅಕ್ಕ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ.

“ಬೇರೆಯವರ ತಪ್ಪಾದ್ರೆ ನಾಳೆ ಬೆಳಿಗ್ಗೆ ಬೋರ್ಡು ಹಿಡಿದು ಗೇಟಿನ ಎದುರು ನಿಲ್ತಿದ್ದಿ. ನನ್ನದಾದ್ರೆ ಮುಹೂರ್ತ ನೋಡ್ಬೇಕಾ?”

ಎದ್ದು ಒಳಗೆ ಹೋಗಿ ಒಂದು ಕಡತ ತಂದಳು. ಹದಿನೇಳು ಎಲ್ಲೆಲ್ಲಿ ಉಲ್ಲೇಖವಾಗಿದೆ ಎಂಬುದರ ಪ್ರತಿಗಳು ಅದರಲ್ಲಿದ್ದವು. ಎಲ್ಲಕ್ಕಿಂತ ಕೆಳಗೆ ಗುಜರಾತಿಯ ಒಂದು ಕರಪತ್ರ. ತಂಬಾಕು ವರ್ತಕರು ಹಂಚಿದ್ದು. ಕ್ಯಾನ್ಸರಿನ ಗುರುತು ತಂಬಾಕಿಲ್ಲದೆಯೂ ಬರುತ್ತದೆಂದು ಅಹಮದಾಬಾದಿನ ವಿಜ್ಞಾನಿಯೇ ಸಾಬೀತು ಮಾಡಿದ್ದಾರೆ ಎಂದು ದಪ್ಪ ಅಕ್ಷರದಲ್ಲಿತ್ತು. ಹಾಗೆ ಹೇಳಬೇಡಿ ಎಂದು ಆಗಲೇ ಅವರಿಗೆ ಕಾಗದ ಬರೆದಿದ್ದಳಂತೆ, ಉತ್ತರ ಬರಲಿಲ್ಲ.

“ಇದು ಪಟ್ಟಿಯಲ್ಲಿ ಬರುವುದಿಲ್ಲ. ಆದ್ರೆ ಇದೂ ನನ್ನ ಪೇಪರು ಮಾಡಿದ ಕೆಲಸವೇ. ಎರಡು ತಿಂಗಳು ಕಾಯುವುದಂದ್ರೆ ಇದನ್ನು ಎರಡು ತಿಂಗಳು ನಾನೇ ಹಂಚಿದ ಹಾಗೆ.” ತೊಗರಿಯ ಬಟ್ಟಲನ್ನು ನನ್ನ ಕಡೆ ತಳ್ಳಿದಳು. “ಸೂರತ್‌ಗೆ ಹೋಗಿ ಮತ್ತೆ ಕೇಳ್ಬೇಕು. ನಿನ್ನ ತಲೆ ತಿರುಗಿದ್ದು ಪುರಾವೆ ಅಲ್ಲ. ಅಷ್ಟಾದ್ರೂ ಕಲಿತಿದ್ದಿಯಲ್ಲ ಈಗ?”

ಶುಕ್ರವಾರ ಬೆಳಗಿನ ರೈಲಿನಲ್ಲಿ ಹೊರಟೆವು. ವಡೋದರಾದಲ್ಲಿ ರೈಲು ನಿಂತಾಗ ಅಪ್ಪ ನಮ್ಮ ತಮ್ಮನ ಕೈಹಿಡಿದುಕೊಂಡು ಪ್ಲ್ಯಾಟ್‌ಫಾರ್ಮಿನಲ್ಲಿ ಕಾಯುತ್ತಿದ್ದರು. ಹೋಟೆಲನ್ನು ತಮ್ಮನಿಗೆ ಬಿಟ್ಟು ವರ್ಷಗಳಾಗಿವೆ, ಎಂಬತ್ತು ದಾಟಿದೆ. ಕಿಟಕಿಯಿಂದ ಇಡ್ಲಿಯ ಡಬ್ಬಿ ಒಳಕ್ಕೆ ಕೊಟ್ಟರು.

“ಇಬ್ಬರೂ ಒಟ್ಟಿಗೆ ಹೊರಟಿದ್ದೀರಿ ಅಂದ್ರೆ ಯಾರಿಗೋ ಗ್ರಹಚಾರ ಕಾದಿದೆ.”

“ನಮಗೇ ಅಪ್ಪ,” ಎಂದಳು ಅಕ್ಕ. “ನಾನು ಬರೆದದ್ದರಲ್ಲಿ ತಪ್ಪಾಗಿದೆ. ಸರಿ ಮಾಡ್ಲಿಕ್ಕೆ ಹೋಗ್ತಾ ಇದ್ದೇವೆ.”

ಅಪ್ಪನಿಗೆ ಹದಿನೇಳು ಗೊತ್ತಿಲ್ಲ. ಆದರೂ ಒಂದು ಕ್ಷಣ ಯೋಚಿಸಿದರು. “ಸಾಂಬಾರಿಗೆ ಉಪ್ಪು ಹೆಚ್ಚಾದ್ರೆ ಬಡಿಸುವ ಮೊದಲೇ ಗೊತ್ತಾಗ್ಬೇಕು. ಬಡಿಸಿದ ಮೇಲೆ ಗೊತ್ತಾದ್ರೆ?”

“ಎಂತ ಮಾಡ್ತಿದ್ರಿ ನೀವು?”

“ಟೇಬಲಿಗೆ ನಾನೇ ಹೋಗಿ ಹೇಳ್ತಿದ್ದೆ. ಸಪ್ಲೈಯರ್‌ನ ಕಳಿಸ್ತಿರ್ಲಿಲ್ಲ.”

ರೈಲು ಚಲಿಸಿತು. ಅಕ್ಕ ತುಂಬಾ ಹೊತ್ತು ಡಬ್ಬಿಯನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಳು. ಅದು ಬೆಚ್ಚಗಿತ್ತು.

ಗಲ್ಲಿ ಹೆಚ್ಚು ಬದಲಾಗಿರಲಿಲ್ಲ. ಕೋಣೆಗಳಿಗೆ ಇನ್ನೂ ಕಿಟಕಿ ಬಂದಿರಲಿಲ್ಲ. ಇಷ್ಟು ವರ್ಷಗಳಲ್ಲಿ ಅದು ಯಾರಿಗೂ ಅಗತ್ಯವೆನಿಸಲಿಲ್ಲವೆಂಬುದು ಒಂದು ಅಪರಾಧ, ಅದನ್ನು ನಾನು ಇಂದಿಗೂ ಅಪರಾಧವೆಂದೇ ಕರೆಯುತ್ತೇನೆ. ಅಂಟು ನಿರ್ದೋಷಿಯೆಂದು ಸಾಕ್ಷಿ ಹೇಳಲು ನಾವು ಬಂದಿರಲಿಲ್ಲ. ಕೊನೆಯ ಮನೆಯಲ್ಲಿ ಮಾಸಿ ಇದ್ದಳು. ತಲೆ ಪೂರ್ತಿ ನರೆತಿತ್ತು. ನನ್ನನ್ನು ನೋಡಿ ಒಂದು ಗಳಿಗೆ ಗುರುತಿಸದೆ, ಆಮೇಲೆ ಕೈ ತಟ್ಟಿ ನಕ್ಕಳು.

“ಅರೇ, ವಾಂತಿ ಮಾಡಿಕೊಂಡ ಬೆನ್! ಈಗಲಾದರೂ ತಿಂಡಿ ತಿಂದು ಬಂದೆಯಾ?”

ಅಕ್ಕ ಈ ಸಲ ತಾನೇ ಕೇಳಿದಳು. ತಂಬಾಕಿನ ಮಾತೇ ಎತ್ತಲಿಲ್ಲ. “ಬೆಳಿಗ್ಗೆ ಎದ್ದು ಹಲ್ಲು ಯಾವುದರಿಂದ ಉಜ್ಜುತ್ತೀರಿ? ದಿನಕ್ಕೆ ಎಷ್ಟು ಸಲ? ಉಜ್ಜದಿದ್ದರೆ ಹೇಗಿರುತ್ತದೆ?” ಎಂದಳು. ಗೂಡಿನಿಂದ ಡಬ್ಬಿ ಬಂತು. ಪಕ್ಕದ ಮನೆಯಿಂದ ಇನ್ನೊಂದು ಬಂತು. ಅಂದು ನಾನು ಮಾತನಾಡಿಸಿದ್ದವರಲ್ಲಿ ಕೆಲವರು ಗಲ್ಲಿ ಬಿಟ್ಟಿದ್ದರು, ಕೆಲವರು ತೀರಿಹೋಗಿದ್ದರು. ಉಳಿದವರಲ್ಲಿ ಹೆಚ್ಚಿನವರು ತಂತಮ್ಮ ಡಬ್ಬಿ ಹಿಡಿದು ಬಂದು ಕುಳಿತರು. ಮದುವೆಯಾಗಿ ಬಂದಾಗಿನಿಂದ, ಅತ್ತೆ ಕಲಿಸಿದ್ದು, ದಿನಕ್ಕೆ ನಾಲ್ಕೈದು ಸಲ.

“ಆಗ ಯಾಕೆ ಹೇಳಲಿಲ್ಲ ಮಾಸಿ?” ಎಂದೆ. ನನ್ನ ದನಿ ಎಲ್ಲಿಂದ ಬಂತೋ.

“ನಿನ್ನ ಬೆರಳಿಗೆ ನಾನೇ ಹಾಕಿಕೊಟ್ಟೆನಲ್ಲ, ಇನ್ನೇನು ಹೇಳಬೇಕಿತ್ತು? ನೀನು ಕಾಗದ ನೋಡಿ ಕೇಳಿದೆ, ನಾವು ಕಾಗದಕ್ಕೆ ಉತ್ತರ ಕೊಟ್ಟೆವು. ಗೂಡು ನೋಡಿ ಕೇಳಿದ್ದರೆ ಗೂಡಿನದು ಹೇಳುತ್ತಿದ್ದೆವು.”

ಅಕ್ಕ ಟಾರ್ಚು ಹಿಡಿದು ಒಬ್ಬೊಬ್ಬರ ಬಾಯಿ ನೋಡಿದಳು. ಮಾಸಿಯ ಕೆಳಗಿನ ಒಸಡಿನ ಮೇಲೆ, ಪುಡಿ ಕೂರುವ ಜಾಗದಲ್ಲೇ, ಬಿಳಿಯ ಮಚ್ಚೆಯಿತ್ತು. ಅಕ್ಕ ಅವಳ ಗಲ್ಲವನ್ನು ಅಂಗೈಯಲ್ಲಿ ಹಿಡಿದು, ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಇಪ್ಪತ್ತು ವರ್ಷಗಳ ಹಿಂದೆ ಈ ಗಲ್ಲಿಗೆ ಹೇಳಬೇಕಾಗಿದ್ದ ಒಂದು ಮಾತಿತ್ತು, ಇದನ್ನು ಬಿಡಿ ಎಂದು. ಅದನ್ನು ಹೇಳದೆ ನಾವು ಅವರ ಜೀವಕೋಶಗಳನ್ನು ಮಾತ್ರ ಒಯ್ದಿದ್ದೆವು. ನಾನು ಕಂಡ ಎಲ್ಲ ಅನ್ಯಾಯಗಳ ಪಟ್ಟಿಯಲ್ಲಿ ಇದೊಂದನ್ನು ಮಾಡಿದವಳು ನಾನೇ.

ಮರುವಾರ ಮಾಸಿಯನ್ನು ಅಹಮದಾಬಾದಿಗೆ ಕರೆತಂದು ಆಸ್ಪತ್ರೆಗೆ ತೋರಿಸಿದೆವು. ಮಚ್ಚೆ ಇನ್ನೂ ಮಚ್ಚೆಯಾಗಿಯೇ ಇತ್ತು, ಕ್ಯಾನ್ಸರಿಗೆ ತಿರುಗಿರಲಿಲ್ಲ, ತೆಗೆದರು. ಅಕ್ಕನ ಮನೆಯಲ್ಲೇ ಎಂಟು ದಿನ ಇದ್ದಳು. ಡಬ್ಬಿ ಇಲ್ಲದ ಬೆಳಿಗ್ಗೆಗಳಲ್ಲಿ ತಲೆನೋವೆಂದು ಗೊಣಗುತ್ತಾ, ಅಕ್ಕನ ಅಡುಗೆಗೆ ಬೆಲ್ಲ ಸಾಲದೆಂದು ದೂರುತ್ತಾ, ಅವಳ ಎರಡು ಸೀರೆಗಳ ಸಡಿಲಾದ ಅಂಚುಗಳನ್ನು ಹೊಲಿದುಕೊಟ್ಟು ಹೋದಳು.

ಆ ಎಂಟು ದಿನಗಳಲ್ಲೇ ಅಕ್ಕ ನಿಯತಕಾಲಿಕದ ಸಂಪಾದಕರಿಗೆ ಬರೆದಳು. ಗುರುತು ಇರುವುದು ನಿಜ, ಅಳತೆ ಸರಿ. ಆದರೆ ಈ ಹೆಂಗಸರು ತಂಬಾಕು ಬಳಸದವರೆಂದು ಹೇಳಿದ್ದು ತಪ್ಪು, ಆದ್ದರಿಂದ ತೀರ್ಮಾನವೂ ನಿಲ್ಲುವುದಿಲ್ಲ, ಪ್ರಬಂಧವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದು. ಸಮಿತಿಗೂ ಅದೇ ದಿನ ತಿಳಿಸಿದಳು. ಸಹೋದ್ಯೋಗಿಯೊಬ್ಬರು ಮನೆಗೇ ಬಂದು, ಕೇಳದೆ ಇದ್ದದ್ದನ್ನು ಹೇಳುವುದು ಯಾವ ವಿವೇಕ ಮೇಡಂ ಎಂದರು. ಅಕ್ಕ ಅವರಿಗೆ ಚಹ ಕೊಟ್ಟಳು. ಕೇಳದೆ ಇದ್ದದ್ದೇ ತೊಂದರೆಯಾಗಿತ್ತೆಂದು ಮಾತ್ರ ಹೇಳಿದಳು.

ಪಟ್ಟಿಯಿಂದ ಹದಿನೇಳನ್ನು ಅಳಿಸಿ ಉಳಿದವಕ್ಕೆ ಹೊಸ ಸಂಖ್ಯೆ ಕೊಡಲೇ ಎಂದು ಕೇಳಿದೆ. ಬೇಡವೆಂದಳು. ಅದು ತನ್ನ ಜಾಗದಲ್ಲೇ ಇರಲಿ, ಪಕ್ಕದಲ್ಲಿ ಹಿಂಪಡೆಯಲಾಗಿದೆ ಎಂದು ಬರೆ, ಯಾಕೆಂದೂ ಬರೆ ಎಂದಳು. ಬರೆದೆ. ಸಮಿತಿಯ ಉತ್ತರ ಎರಡೇ ಸಾಲಿನದಾಗಿತ್ತು: ಈ ಸಂದರ್ಭದಲ್ಲಿ ಕೋಣೆಯನ್ನು ಮುಂದುವರಿಸಲು ಸಾಧ್ಯವಾಗದು. ಸುಳ್ಳನ್ನು ಉಳಿಸಿಕೊಂಡವರಿಗೆ ಕೊಠಡಿ, ಸತ್ಯ ಹೇಳಿದವಳಿಗೆ ಬಾಗಿಲು. ಇದನ್ನು ಯಾವ ಸೌಮ್ಯ ಪದದಿಂದಲೂ ಕರೆಯಲು ನಾನು ಸಿದ್ಧಳಿಲ್ಲ. ಆ ಕಾಗದ ಓದಿ ನಾನು ಅತ್ತೆ. ಅಕ್ಕ ಅಳಲಿಲ್ಲ. ಅವಳು ವಡೋದರಾದ ವಿದ್ಯಾರ್ಥಿನಿಗೆ ಫೋನು ಮಾಡಿ ಎಲ್ಲ ತಿಳಿಸಿ, “ನಿನ್ನ ಮೊದಲ ಪಾಠ ಬದಲಾಯಿಸ್ಬೇಕು,” ಎಂದು ಹಿಂದಿಯಲ್ಲಿ ಹೇಳಿದಳು.

ಆ ಕಡೆಯಿಂದ ಬಂದ ದನಿ ಮೇಜಿನ ಈಚೆ ಕುಳಿತ ನನಗೂ ಕೇಳಿಸಿತು. “ಬದಲಾಯಿಸುವುದಿಲ್ಲ ಮೇಡಂ. ಆ ಪ್ರಬಂಧವನ್ನೂ ಓದಿಸುತ್ತೇನೆ, ನೀವು ಹಿಂದಕ್ಕೆ ಪಡೆದ ಪತ್ರವನ್ನೂ ಓದಿಸುತ್ತೇನೆ. ಕಿಟಕಿಯ ಪಕ್ಕ ಒಂದು ಮೇಜು ಖಾಲಿಯಿದೆ. ಯಾವತ್ತು ಬರುತ್ತೀರಿ?”

ಈಗ ಅಕ್ಕ ವಾರಕ್ಕೆ ಮೂರು ದಿನ ಬೆಳಗಿನ ರೈಲು ಹಿಡಿದು ವಡೋದರಾಕ್ಕೆ ಹೋಗುತ್ತಾಳೆ. ಮಧ್ಯಾಹ್ನ ಅಪ್ಪನ ಮನೆಯಲ್ಲಿ ಊಟ. ಹಿಂಪಡೆದ ಪ್ರಬಂಧದ ಬೆನ್ನಿಗೆ ಅವಳು ಒಂದು ಪುಟ್ಟ ಟಿಪ್ಪಣಿ ಪ್ರಕಟಿಸಿದಳು. ಗುಜರಾತಿನಲ್ಲಿ ತಂಬಾಕಿನ ಬಗ್ಗೆ ಕೇಳುವಾಗ ಹಲ್ಲುಜ್ಜುವ ಬಗೆಯನ್ನು ಯಾಕೆ ಕೇಳಬೇಕು, ಹೇಗೆ ಕೇಳಬೇಕು ಎಂದು. ಲೇಖಕರ ಜಾಗದಲ್ಲಿ ಇಬ್ಬರ ಹೆಸರಿದೆ, ಎರಡನೆಯದು ನನ್ನದು. ಮಾಸಿಯ ಹೆಸರನ್ನೂ ಸೇರಿಸಬೇಕೆಂದು ನಾನು ಹಟ ಹಿಡಿದೆ, ಸಂಪಾದಕರು ಒಪ್ಪಲಿಲ್ಲ. ಆ ಜಗಳ ಇನ್ನೂ ಮುಗಿದಿಲ್ಲ. ಮೊನ್ನೆ ಮಹಾರಾಷ್ಟ್ರದಿಂದ ಯಾರೋ ಬರೆದಿದ್ದರು: ನಮ್ಮ ಕಡೆ ಹೆಂಗಸರು ತಂಬಾಕನ್ನು ಸುಟ್ಟು ಪುಡಿಮಾಡಿ ಹಲ್ಲಿಗೆ ಉಜ್ಜುತ್ತಾರೆ, ನಿಮ್ಮ ಪ್ರಶ್ನೆಗಳನ್ನು ಬಳಸಬಹುದೇ ಎಂದು. ಅಕ್ಕ ಆ ಪತ್ರವನ್ನು ಹಳೆಯ ಕಡತದಲ್ಲಿ, ಕರಪತ್ರದ ಮೇಲೆ ಇಟ್ಟಳು.

ಅವಳ ಹಳೆಯ ಕೋಣೆ ಖಾಲಿ ಮಾಡಿದ ದಿನ ನಾನೂ ಹೋಗಿದ್ದೆ. ಗಾಜಿನ ಪಟ್ಟಿಗಳ ಪೆಟ್ಟಿಗೆಗಳನ್ನು ಕಟ್ಟಿದೆವು. ಎಲ್ಲ ಮುಗಿದ ಮೇಲೆ ಅಕ್ಕ ನನ್ನನ್ನು ಕಿಟಕಿಯ ಬೆಳಕಿಗೆ ಕೂರಿಸಿ, ಹೊಸ ಪ್ರಶ್ನಾವಳಿಯ ಮೊದಲ ಹಾಳೆ ತೆಗೆದಳು. ಕೈಯಲ್ಲಿ ಮರದ ಕಡ್ಡಿ.

“ಯಾರ ಮೇಲಾದ್ರೂ ಮೊದಲು ನೋಡ್ಬೇಕಲ್ಲ. ಬೆಳಿಗ್ಗೆ ಹಲ್ಲು ಯಾವುದರಿಂದ ಉಜ್ಜುತ್ತೀರಿ?”

“ಬ್ರಶ್ಶು, ಪೇಸ್ಟು.”

“ಬೇರೆ ಏನಾದ್ರೂ, ಯಾವತ್ತಾದ್ರೂ?”

“ಬಜರ್. ಬದುಕಿನಲ್ಲಿ ಎರಡು ಸಲ.”

“ಯಾರು ಕೊಟ್ಟದ್ದು?”

ಹೇಳಿದೆ. ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು. ಆಮೇಲೆ ನನ್ನ ಗಲ್ಲ ಹಿಡಿದು, “ಬಾಯಿ ತೆಗಿ. ನೋವಾದ್ರೆ ಹೇಳು,” ಎಂದಳು.